ಮೈನಾ ತಿಂದದ್ದು

ಎಳ್ಳಮಾವಾಸ್ಯೆ ಮುಗಿದು ಎರಡನೆಯ ಬೆಳಗು. ಲದ್ದಿ ಬಳಿಯಲು ಕೊಟ್ಟಿಗೆಗೆ ಹೋದೆ. ಮೈನಾ ನನ್ನ ಕಡೆ ತಿರುಗಲಿಲ್ಲ.

ದಿನವೂ ನಾನು ಚಿಲಕ ತೆಗೆಯುವಷ್ಟರಲ್ಲಿ ಮೂತಿ ಚಾಚಿ ಸೆರಗು ಮೂಸುವ ಕುದುರೆ. ಅಂದು ನಿಂತಲ್ಲೇ ನಿಂತಿದ್ದಳು. ಅದೂ ಎಂಥ ನಿಲುವು! ಮುಂದಿನ ಎರಡೂ ಕಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕುರ್ಚಿ ಇಲ್ಲದ ಕಡೆ ಕೂರಲು ಹೊರಟವರ ಹಾಗೆ. ಹಗ್ಗ ಹಿಡಿದು ಎಳೆದೆ. ಒಂದು ಹೆಜ್ಜೆ ಇಟ್ಟಳು, ಕೂಡಲೇ ಹಿಂದಕ್ಕೆ ತೆಗೆದುಕೊಂಡಳು. ಮೈಯೆಲ್ಲ ನಡುಗಿತು. ಗೊರಸು ಮುಟ್ಟಿ ನೋಡಿದೆ.

ಸುಡುತ್ತಿತ್ತು.

ಕೊಟ್ಟಿಗೆಯಿಂದಲೇ ಕೂಗಿದೆ. "ರೀ, ಇಲ್ಲಿ ಬರ್ರಿ. ಮೈನಾ ಕುಂಟಲತ್ತಾಳ."

ನಮ್ಮ ಮನೆಯವರು ಕೋಲು ಹಿಡಿದುಕೊಂಡು ಬಂದರು. ಅವರು ಅಷ್ಟು ಬೇಗ ಅಂಗಳ ದಾಟಿದ್ದನ್ನು ನಾನು ಎಂದೂ ನೋಡಿಲ್ಲ.

ಅವರಿಗೆ ಆ ಕುದುರೆ ಏನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಊರು ದಾಳಿಂಬ, ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾ ತಾಲೂಕು. ಮನೆಯವರಿಗೆ ಎರಡು ವರ್ಷವಿದ್ದಾಗ ಪೋಲಿಯೊ ಆಗಿ ಎಡಗಾಲು ಬೆಳೆಯದೆ ಉಳಿಯಿತು. ಮನೆಯಲ್ಲಿ, ಅಂಗಳದಲ್ಲಿ, ಮಠದ ತನಕ ಕೋಲು ಹಿಡಿದು ಹೋಗುತ್ತಾರೆ. ಹೊಲ ಮೂರು ಕಿಲೋಮೀಟರು. ಬೇಸಿಗೆಯಲ್ಲಾದರೆ ಯಾರಾದರೂ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಜೂನಿನಲ್ಲಿ ಮಿರಗದ ಮಳೆ ಬಿತ್ತೋ, ಮುಗಿಯಿತು. ಎರೆಮಣ್ಣಿನ ದಾರಿ ಅದು. ಗಾಲಿ ಇರುವ ಯಾವುದನ್ನೂ ಒಳಗೆ ಬಿಡುವುದಿಲ್ಲ. ಮೂರು ಗಾಲಿಯ ಸ್ಕೂಟರ್ ತಂದು ನೋಡಿದ್ದೂ ಆಗಿದೆ. ಮೊದಲ ಮಳೆಗೇ ಹೂತು ಕೂತಿತು, ನಾಲ್ಕು ಜನ ಎತ್ತಿ ತಂದರು. ಅವತ್ತು ಅವರ ಮುಖ ನೋಡಲು ಆಗಲಿಲ್ಲ. ಆಮೇಲೆ ಅವರ ಅಪ್ಪನ ಕಾಲದ ರೂಢಿಗೇ ಮರಳಿ ಕುದುರೆ ಕಟ್ಟಿದರು. ಕಟ್ಟೆ ಹತ್ತಿ ಕುದುರೆ ಏರಿದರೆ ಅವರು ಬೇರೆ ಮನುಷ್ಯ. ನೆಲದ ಮೇಲೆ ಎಲ್ಲರಿಗೂ ದಾರಿ ಬಿಡುವವರು, ಮೈನಾಳ ಬೆನ್ನ ಮೇಲೆ ಕೂತು ಊರಿಗೆಲ್ಲ ಜೋರು ಮಾಡುವವರು.

ಕುದುರೆ ನನಗೆ ಬೇಡವಾಗಿತ್ತು. ಆದರೆ ಹುಲ್ಲು ಹಾಕುವವಳು ನಾನು, ನೀರು ಇಡುವವಳು ನಾನು, ಲದ್ದಿ ಬಳಿಯುವವಳೂ ನಾನು. ಅವರು ಏರುವುದು, ನಾನು ಗುಡಿಸುವುದು. ಹೀಗೆ ಆರು ವರ್ಷ.

ಉಮರ್ಗಾದಿಂದ ಡಾಕ್ಟರು ಮೋಟರ್ ಸೈಕಲ್ ಮೇಲೆ ಬಂದರು. ಒಳ್ಳೆಯ ಮನುಷ್ಯ. ನಮ್ಮ ಕಡೆಯ ಎಲ್ಲ ಎಮ್ಮೆಗಳ ಹೊಟ್ಟೆಯೂ ಅವರಿಗೆ ಗೊತ್ತು, ಕುದುರೆ ಮಾತ್ರ ಅಪರೂಪ. ಗೊರಸಿನ ಮೇಲೆ ಕೈಯಿಟ್ಟು ನೋಡಿದರು. ಕಾಲಿನ ಗಿಣ್ಣಿನ ಹಿಂದೆ ಬೆರಳಿಟ್ಟು ನಾಡಿ ಹಿಡಿದರು. ಇಕ್ಕಳದಂಥದ್ದರಿಂದ ಗೊರಸು ಒತ್ತಿದರು. ಮೈನಾ ಕಾಲು ಕಿತ್ತುಕೊಂಡಳು.

"ಒಂದೇ ಕಾಲಾದ್ರ ಮುಳ್ಳು ಅಂತಿದ್ದೆ. ಎರಡೂ ಅವ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು. "ಕಾಯ್ ಖಾಲ್ಲಂ ಹಿನೆ?"

ಇವಳು ಏನು ತಿಂದಿದ್ದಾಳೆ?

ಮನೆಯವರು ನನ್ನ ಮುಖ ನೋಡಿದರು. ತಿನ್ನಿಸುವವಳು ನಾನಲ್ಲವೇ. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ರೋಜಚಂಚ," ಎಂದೆ. ದಿನದ್ದೇ.

ಅದು ಸುಳ್ಳು.

ಆ ಸುಳ್ಳಿನ ಹಿಂದೆ ಎರಡು ದಿನದ ಹಿಂದಿನ ಹಬ್ಬವಿದೆ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಊರಲ್ಲಿ ನಾಯಿಯೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಜೋಳದ ಕಣಕಿಯಿಂದ ಗುಡಿಸಲು ಕಟ್ಟಿ, ಸುಣ್ಣ ಬಳಿದ ಐದು ಕಲ್ಲಿಟ್ಟು ಪೂಜೆ ಮಾಡಿ, ಭೂತಾಯಿಗೆಂದು ಹೊಲದ ತುಂಬ ಅಡಿಗೆಯ ಚರಗ ಚೆಲ್ಲಿ, ಆಮೇಲೆ ಊಟ. ಸಜ್ಜೆ ಹಿಟ್ಟಿನ ಸಜ್ಜಿ ಉಂಡಿ, ಕಾಳು-ಸೊಪ್ಪು ಕೂಡಿಸಿದ ಭಜ್ಜಿ, ಅಂಬಲಿ, ಬೆಲ್ಲ ಹಾಕಿದ ಗೋಧಿ ಹುಗ್ಗಿ, ಶೇಂಗಾ ಹೋಳಿಗೆ. ದಾರಿಯಲ್ಲಿ ಹೋಗುವವರನ್ನೂ ಕೈಹಿಡಿದು ಕೂರಿಸುವ ಹಬ್ಬ ಅದು. ಎಷ್ಟು ಜನ ಬರುತ್ತಾರೋ ಯಾರಿಗೆ ಗೊತ್ತು? ಅದಕ್ಕೆ ಎಲ್ಲರೂ ಹೆಚ್ಚೇ ಮಾಡುತ್ತಾರೆ. ಎಲ್ಲರೂ ಹೆಚ್ಚು ಮಾಡಿದ್ದರಿಂದ ಎಲ್ಲರ ಹೊಟ್ಟೆಯೂ ತುಂಬಿರುತ್ತದೆ. ಎಲ್ಲರ ಬುಟ್ಟಿಯಲ್ಲೂ ಉಳಿದಿರುತ್ತದೆ.

ನಮ್ಮ ಅತ್ತೆಯ ನಿಯಮ ಒಂದಿದೆ. ಅವರ ಅತ್ತೆಯದೂ ಅದೇ ಆಗಿತ್ತಂತೆ. ಅವತ್ತು ಹೊಲಕ್ಕೆ ಒಯ್ದ ಅಡಿಗೆ ತಿರುಗಿ ಮನೆಗೆ ಬರಬಾರದು. ಭೂತಾಯಿಗೆ ಕೊಟ್ಟದ್ದನ್ನು ಹಿಂದಕ್ಕೆ ತಂದ ಹಾಗೆ ಆಗುತ್ತದೆ. ಚೆಲ್ಲಲೂ ಬಾರದು, ಅನ್ನ. ಉಳಿದದ್ದು ದನಕ್ಕೆ. ನಾನು ಮದುವೆಯಾಗಿ ಬಂದಾಗ ಮನೆಯಲ್ಲಿ ನಾಲ್ಕು ದೇವಣಿ ಎತ್ತು, ಎರಡು ಎಮ್ಮೆ, ಮೂರು ಆಕಳು, ಕರುಗಳು. ಉಳಿದ ಉಂಡಿ ಒಂದೊಂದಕ್ಕೆ ನಾಲ್ಕಾರು ಬರುತ್ತಿದ್ದವು. ಬಾಯಿ ಚಪ್ಪರಿಸುವಷ್ಟರಲ್ಲಿ ಬುಟ್ಟಿ ಖಾಲಿ.

ಎತ್ತು ಹೋದವು, ಟ್ರ್ಯಾಕ್ಟರ್ ಬಂತು. ಅತ್ತೆಯ ಮೊಣಕಾಲು ಹೋಯಿತು, ಹಿಂದಿನ ಬೇಸಿಗೆಗೆ ಎಮ್ಮೆ, ಆಕಳೂ ಹೋದವು. ನಿಯಮ ಉಳಿಯಿತು. ತಿನ್ನುವ ಬಾಯಿ ಮಾತ್ರ ಒಂದೇ.

ಮನೆಯವರು ಊಟ ಮಾಡಿ ಗುಡಿಸಲಲ್ಲಿ ಒರಗಿ ನಿದ್ದೆ ಹೋಗಿದ್ದರು. ಮಲಗುವ ಮುಂಚೆ ಬಂದವರಿಗೆಲ್ಲ ಹೇಳಿಯೇ ಮಲಗಿದ್ದರು. "ಕುದ್ರೀಗಿ ಯಾರೂ ಏನೂ ಹಾಕಬ್ಯಾಡ್ರಿ." ದಿನವೂ ನೆನೆಸಿದ ಕಡಲೆಯನ್ನು ಅಳೆದು ಹಾಕುವ ಮನುಷ್ಯ ಅವರು, ಒಂದು ಹಿಡಿ ಹೆಚ್ಚಾದರೆ ನನ್ನ ಮೇಲೆ ಸಿಡಿಮಿಡಿ. ಹೊತ್ತು ಇಳಿಯುತ್ತಿತ್ತು. ಅತ್ತೆ ಹೇಳಿದರು, "ಏ ಕಸ್ತೂರಿ, ಬುಟ್ಟಿ ಖಾಲಿ ಮಾಡವ್ವ, ಹೊತ್ತಾತು."

ಮಾಡಿದೆ. ಎರಡು ಬುಟ್ಟಿ ಸಜ್ಜಿ ಉಂಡಿ, ಒಂದು ಪಾತೇಲಿ ಹುಗ್ಗಿ. ಬುಟ್ಟಿ ತಳ ಕಾಣುವ ತನಕ ಮೈನಾ ತಿಂದಳು. ಎಷ್ಟು ಖುಷಿಯಿಂದ ತಿಂದಳೆಂದರೆ ನನಗೂ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಡಾಕ್ಟರ ಮುಂದೆ ಯಾಕೆ ಹೇಳಲಿಲ್ಲ? ಈ ಆರೇಳು ತಿಂಗಳಲ್ಲಿ ಅದನ್ನು ನನಗೆ ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಅತ್ತೆಯ ಹೆಸರು ಹೇಳಬೇಕಾಗುತ್ತದೆ ಎಂದು ಒಂದು. ಹಾಕಬೇಡ ಎಂದವರ ಮಾತು ಮೀರಿದೆ ಎಂದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು, ಕುದುರೆಗೆ ಹೆಚ್ಚು ತಿನ್ನಿಸಿದರೆ ಕಾಲು ಹೋಗುತ್ತದೆ ಎಂದು ನನಗೆ ತಿಳಿದೇ ಇರಲಿಲ್ಲ. ತಿಂದದ್ದಕ್ಕೆ ಹೊಟ್ಟೆ ಕೆಡಬೇಕು, ಕಾಲಿಗೇನು ಸಂಬಂಧ? ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹಬ್ಬದ ದಿನ ಮೈನಾಳನ್ನು ಏರಿ ಜಲ್ಲಿ ಖಡಿ ಹಾಕಿದ ರಸ್ತೆಯ ಮೇಲೆ ಸ್ವಲ್ಪ ದೂರ ಬಂದದ್ದನ್ನು ಮನೆಯವರು ಹೇಳಿದರು. ತಿನ್ನುವುದರಲ್ಲಿ ಹೆಚ್ಚುಕಡಿಮೆ ಆಗಿಲ್ಲವೆಂದರೆ ಅಂಗಾಲು ಜಜ್ಜಿರಬೇಕು ಎಂದರು ಡಾಕ್ಟರು. ಮೂರು ದಿನ ಪೇನ್ ಕಿಲ್ಲರ್ ಇಂಜೆಕ್ಷನ್. ನೋವು ಇಳಿದ ಮೇಲೆ ಸಣ್ಣಗೆ ಅಡ್ಡಾಡಿಸಿ, ಇಳಿಯದಿದ್ದರೆ ಉದಗೀರಕ್ಕೆ ಒಯ್ಯಿರಿ. ಅವರಿಗೆ ಹೇಳಿದ ಮಾತಿನ ಮೇಲೆ ಅವರು ಸರಿಯಾಗಿಯೇ ಹೇಳಿದರು.

ಇಂಜೆಕ್ಷನ್ ಕೆಲಸ ಮಾಡಿತು. ಮರುದಿನವೇ ಮೈನಾ ನಡೆದಳು. ಅದರ ಮಾರನೆಯ ದಿನ ಮನೆಯವರು ಕಟ್ಟೆ ಹತ್ತಿದರು. ಹೊಲದಲ್ಲಿ ತೊಗರಿ ಕಟಾವು ಶುರುವಾಗಿತ್ತು.

"ಇನ್ನಾ ಎರಡ್ ದಿನ ಬಿಡ್ರಲಾ," ಎಂದೆ.

"ಡಾಕ್ಟರೇ ಅಡ್ಯಾಡ್ಸು ಅಂದಾರ. ಕಾಲು ಕಟ್ಕೊಂಡು ನಿಂತ್ರ ಇನ್ನಾ ಬಿಗೀತಾವ. ನಿನಗೇನ್ ತಿಳೀತದ?"

ನನಗೆ ತಿಳಿಯುತ್ತಿತ್ತು. ಅವರಿಗೆ ತಿಳಿಯದ್ದು ನನಗೆ ತಿಳಿದಿತ್ತು. ಬಾಯಿ ಬಿಡಲಿಲ್ಲ. ಎರಡು ದಿನ ಹೊಲಕ್ಕೆ ಹೋಗಿ ಬಂದರು.

ಇಂಜೆಕ್ಷನ್ ಮುಗಿದ ಎರಡನೆಯ ದಿನ ಮೈನಾ ಮಲಗಿದಳು. ಏಳಲಿಲ್ಲ.

ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಯಾರ ಕಣ್ಣ ಬಿತ್ತೊ ಏನೊ! ಹಬ್ಬದಾಗ ಎಲ್ಲಾರೂ ನೋಡ್ಯಾರ," ಎಂದರು. ಪಾಪ, ಅವರಿಗೂ ಗೊತ್ತಿರಲಿಲ್ಲ. ಪಿಕಪ್ ಗಾಡಿ ತರಿಸಿ, ಹೊಟ್ಟು ತುಂಬಿದ ಚೀಲ ಹಾಸಿ, ಆರು ಜನ ಸೇರಿ ಮೈನಾಳನ್ನು ಏರಿಸಿದರು. ನಿಲಂಗಾ, ದೇವಣಿ, ಉದಗೀರ. ದಾರಿಯುದ್ದಕ್ಕೂ ಮನೆಯವರು ಕ್ಯಾಬಿನ್ನಿನ ಹಿಂದಿನ ಕಿಂಡಿಯಲ್ಲೇ ಕಣ್ಣು ನೆಟ್ಟಿದ್ದರು. ಪ್ರತಿ ಗುಂಡಿಗೂ ಡ್ರೈವರನಿಗೆ "ಹಳೂ, ಹಳೂ" ಎನ್ನುವುದು.

ಉದಗೀರದ ದವಾಖಾನೆಯಲ್ಲಿ ನೋಡಿದವರು ಒಬ್ಬ ಹೆಣ್ಣುಮಗಳು. ನಲವತ್ತರ ಆಸುಪಾಸು. ಬೀದರ ಕಡೆಯವರು, ನಮ್ಮಂತೆಯೇ ಮಾತಾಡುತ್ತಿದ್ದರು. ಎಕ್ಸ್-ರೇ ತೆಗೆದರು. ನಮ್ಮಿಬ್ಬರನ್ನೂ ಕರೆದು ಪರದೆಯ ಮೇಲೆ ತೋರಿಸಿದರು.

"ಲ್ಯಾಮಿನೈಟಿಸ್ ಅಂತಾರ ಇದಕ್ಕ. ನೀವು ರೊಟ್ಟಿ ಬಡೀತೀರಲ್ಲ ಅಕ್ಕಾ? ಹಂಚಿನ ಮ್ಯಾಲ ಉಬ್ಬಿದಾಗ ಮ್ಯಾಲಿನ ಪದರು ಬಿಡ್ತದಲ್ಲ? ಹಂಗ ಗೊರಸಿನ ಗ್ವಾಡಿ ಬ್ಯಾರೆ, ಒಳಗಿನ ಎಲುಬು ಬ್ಯಾರೆ ಆಗ್ಲತ್ತಾವ. ಆ ಎಲುಬು ಗ್ವಾಡಿಗಿ ಹಿಡಕೊಂಡೇ ನಿಂತಿರ್ತದ. ಹಿಡಿತ ಬಿಟ್ಟದ, ಅದಕ್ಕ ಎಲುಬು ಕೆಳಗ ತಿರುಗ್ಯಾದ. ನೋಡ್ರಿ, ಇಲ್ಲಿ."

ನೋಡಿದೆ. ಗೊರಸಿನೊಳಗೆ ಒಂದು ಎಲುಬು ಮೂತಿ ಕೆಳಗೆ ಮಾಡಿ ಅಂಗಾಲ ಕಡೆ ಬಾಗಿತ್ತು.

"ಇನ್ನಾ ತಿರುಗಿದ್ರ ಅಂಗಾಲು ಹರ್ಕೊಂಡು ಹೊರಗ ಬರ್ತದ. ಆಗ ನಾ ಏನೂ ಮಾಡಂಗಿಲ್ಲ, ಮಲಗಿಸೋದೇ." ಮಲಗಿಸುವುದು ಎಂದರೆ ಏನೆಂದು ನಮ್ಮಿಬ್ಬರಿಗೂ ತಿಳಿಯಿತು. "ಈಗ ಅಷ್ಟಾಗಿಲ್ಲ. ಆರು ತಿಂಗಳು ಮೈ ಮುರದು ದುಡದ್ರ ಜೀವಾ ಉಳೀತದ. ಹತ್ತಲಿಕ್ಕಿ ಬರ್ತದೊ ಇಲ್ಲೊ, ಈಗ ಹೇಳಂಗಿಲ್ಲ." ಆಮೇಲೆ ಪೆನ್ನು ತೆಗೆದು ಕೇಳಿದರು. "ಏನ್ ತಿಂದಿತ್ತು?"

ಮತ್ತೆ ಅದೇ ಪ್ರಶ್ನೆ. ಮನೆಯವರು ನನಗಿಂತ ಮೊದಲೇ ಬಾಯಿ ತೆರೆದರು. "ದಿನದ್ದೇ ರೀ, ಮೇಡಂ. ಹೆಚ್ಚಿಗಿ ಏನೂ..."

"ಇಲ್ರಿ," ಎಂದೆ. "ನಾ ಹಾಕೀನ್ರಿ. ಎಳ್ಳಮಾಸಿ ದಿವಸ. ಸಜ್ಜಿ ಉಂಡಿ. ಹುಗ್ಗಿ."

"ಎಷ್ಟು ಉಂಡಿ?"

"ಎಣಿಸಿಲ್ರಿ."

"ಅಂದಾಜು ಹೇಳ್ರಿ."

"ಐವತ್ತರ ಮ್ಯಾಲೇ ಆಗ್ತಾವ್ರಿ."

ಡಾಕ್ಟರಮ್ಮ ತಲೆ ಎತ್ತದೆ ಬರೆದುಕೊಂಡರು. ನಾನು ಪಕ್ಕಕ್ಕೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

"ಕುದುರಿ ಹೊಟ್ಟಿ ಎತ್ತಿನ ಹೊಟ್ಟಿ ಅಲ್ಲ ಅಕ್ಕಾ. ಅಷ್ಟು ಕಾಳು, ಬೆಲ್ಲ ಒಮ್ಮಿಗಿಲೆ ಬಿದ್ರ ಒಳಗ ಹುಳೀತದ, ಆ ವಿಷ ರಕ್ತಕ್ಕ ಹತ್ತಿ ಕಾಲಿಗಿ ಇಳೀತದ. ಮೊದಲಿನ ಎರಡು ದಿವಸ ಬರ್ಫಿನ ನೀರಾಗ ಕಾಲಿಡಿಸಿ, ಒಂದು ಹೆಜ್ಜಿ ನಡಿಸ್ದೆ ಇಟ್ಟಿದ್ರ ಇಷ್ಟಾಗ್ತಿದ್ದಿಲ್ಲ. ಪೇನ್ ಕಿಲ್ಲರ್ ಕೊಟ್ಟು ನಡಿಸಿದ್ದಕ್ಕ ಹರೀತು." ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಐದು ದಿನ ಅಲ್ಲೇ ಇರಿಸಿಕೊಂಡರು. ಮನೆ ಮುಟ್ಟಿ, ಮೈನಾಳನ್ನು ಇಳಿಸಿ, ಜನ ಎಲ್ಲ ಹೋದ ಮೇಲೆ ಮನೆಯವರು ಕಟ್ಟೆಯ ಮೇಲೆ ಕೂತು ಒಂದೇ ಮಾತು ಅಂದರು.

"ನೀ ಅವತ್ತೇ ಹೇಳಿದ್ರ ನಾ ಆಕಿ ಮ್ಯಾಲ ಕೂಡ್ತಿದ್ದಿಲ್ಲ."

ಅಷ್ಟೇ. ಜಗಳವಿಲ್ಲ, ಕೂಗಾಟವಿಲ್ಲ. ಅತ್ತೆಗೂ ಏನೂ ಅನ್ನಲಿಲ್ಲ. ಅವತ್ತಿನಿಂದ ನನ್ನ ಜೊತೆ ಮೈನಾಳ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡಿ ಉಣ್ಣುವುದು, ಎದ್ದು ಹೋಗುವುದು. ಮೂವತ್ತು ವರ್ಷ ನನ್ನ ಅಡಿಗೆಗೆ ಉಪ್ಪು ಕಡಿಮೆ, ಖಾರ ಹೆಚ್ಚು ಎನ್ನದೆ ಉಂಡವರಲ್ಲ. ಈಗ ಒಂದು ದಿನ ಉಪ್ಪೇ ಮರೆತಿದ್ದೆ. ಸುಮ್ಮನೆ ಉಂಡು ಎದ್ದರು.

ಆರೈಕೆ ಶುರುವಾಯಿತು. ಕೊಟ್ಟಿಗೆಯ ಕಲ್ಲು ಹಾಸಿನ ಮೇಲೆ ಮೊಣಕಾಲುದ್ದ ಮರಳು ಹಾಕಿಸಿದೆವು. ದಿನಕ್ಕೆ ಮೂರು ಹೊತ್ತು ಆ ಮರಳಿನಿಂದ ಲದ್ದಿ, ಒದ್ದೆ ತೆಗೆಯಬೇಕು. ಕಾಳು ಬಂದ್. ಬೆಲ್ಲ ಬಂದ್. ಹಸಿ ಮೇವು ಬಂದ್. ಒಣ ಹುಲ್ಲನ್ನು ಒಂದು ತಾಸು ನೀರಲ್ಲಿ ನೆನೆಸಿ, ಅದರ ಸಿಹಿ ಹೋಗುವಂತೆ ಆ ನೀರು ಚೆಲ್ಲಿ, ಸೋಸಿ, ತೂಗಿ ಹಾಕಬೇಕು. ಗೊರಸಿನ ಕೆಳಗೆ ಮೆತ್ತನೆಯದು ಕಟ್ಟಬೇಕೆಂದು ಡಾಕ್ಟರಮ್ಮ ತೋರಿಸಿಕೊಟ್ಟಿದ್ದರು. ಫ್ರಿಜ್ ಬಂದಿದ್ದ ಪೆಟ್ಟಿಗೆಯ ಥರ್ಮಾಕೋಲನ್ನು ಗೊರಸಿನ ಅಳತೆಗೆ ಕತ್ತರಿಸಿ, ಟೇಪು ಸುತ್ತಿ ಕಟ್ಟುತ್ತಿದ್ದೆ. ಎರಡು ದಿನಕ್ಕೆ ಅದು ಚಪ್ಪಟೆಯಾಗಿ ಹಪ್ಪಳದಂತಾಗುತ್ತಿತ್ತು. ಬಿಚ್ಚು, ಮತ್ತೆ ಕತ್ತರಿಸು, ಮತ್ತೆ ಕಟ್ಟು. ಥರ್ಮಾಕೋಲಿಗಾಗಿ ಉಮರ್ಗಾದ ಟಿವಿ ಅಂಗಡಿಯವರ ಮುಂದೆ ಎಷ್ಟು ಸಲ ನಿಂತಿದ್ದೇನೋ. "ಬಾಯಿ, ಟಿವಿ ಒಯ್ಯಂಗಿಲ್ಲ, ಬರೀ ಡಬ್ಬಾ ಒಯ್ತೀರಿ," ಎಂದು ಅವರು ನಗುತ್ತಿದ್ದರು.

ಕಾಲು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕಟ್ಟಬೇಕು. ಒಂದು ಕಾಲು ಎತ್ತಿದರೆ ಇನ್ನೊಂದು ನೋಯುವ ಕಾಲಿನ ಮೇಲೆ ಭಾರ ಬೀಳುತ್ತದೆ. ಅವಳು ತಡೆಯಲಾರದೆ ನನ್ನ ಮೇಲೆಯೇ ಒರಗುತ್ತಿದ್ದಳು. ಬೆವರುತ್ತಿದ್ದಳು, ನಾನೂ ಬೆವರುತ್ತಿದ್ದೆ. ಮನೆಯವರು ಎದುರು ನಿಂತು ಅವಳ ತಲೆ ಹಿಡಿದು ಏನೋ ಪಿಸುಗುಟ್ಟುತ್ತಿದ್ದರು. ಅವಳಿಗೆ ಮಾತ್ರ.

ಫಾಲ್ಗುಣದ ಬಿಸಿಲು ಏರುವ ಹೊತ್ತಿಗೆ ನನ್ನ ಸೊಂಟ ಹೋಗಿತ್ತು. ಬಗ್ಗಿದರೆ ಏಳಲಾರೆ, ಎದ್ದರೆ ಬಗ್ಗಲಾರೆ. ಜೋಳದ ರಾಶಿ, ಮನೆ, ಅತ್ತೆಯ ಔಷಧಿ, ಕುದುರೆಯ ಹುಲ್ಲಿನ ತೂಕ. ಒಂದು ಮಧ್ಯಾಹ್ನ ಗೊರಸಿನ ಟೇಪು ಬಿಚ್ಚಿ ನೋಡಿದರೆ ಒಳಗೆ ಕೀವು. ನಾಲ್ಕು ದಿನ ಚೆನ್ನಾಗಿ ನಿಂತಿದ್ದವಳು ಮತ್ತೆ ಮಲಗಿದ್ದಳು. ಮರಳ ಮೇಲೆಯೇ ಕೂತೆ. ಸತ್ತರೆ ಸಾಯಲಿ, ನನಗೂ ಬಿಡುಗಡೆ ಎಂದುಕೊಂಡೆ.

ಹೌದು, ಹಾಗೆಯೇ ಅಂದುಕೊಂಡೆ. ರೋಗಿಯ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ತಿಳಿಯುತ್ತದೆ. ಅಂದುಕೊಂಡು ಎದ್ದು ಬಿಸಿನೀರು ಕಾಯಿಸಲು ಹೋದೆ. ಕೀವು ತೊಳೆಯಬೇಕಿತ್ತು.

ಡಾಕ್ಟರಮ್ಮ ಫೋನಿನಲ್ಲಿ ಫೋಟೊ ನೋಡಿ, ಕೀವು ಹೊರಗೆ ಬಂದದ್ದು ಒಳ್ಳೆಯದೇ ಎಂದರು. ನಿಲಂಗಾದಿಂದ ರಹಿಮಾನ ಚಾಚಾ ಎಂಬ ನಾಲಬಂದರನ್ನು ಕಳುಹಿಸಿದರು. ಎತ್ತು, ಕುದುರೆಗೆ ನಾಲು ಹೊಡೆಯುವುದು ಅವರ ಮನೆತನದ ಕಸುಬು. ಮದುವೆಯ ಕುದುರೆಗಳ ಗೊರಸನ್ನೆಲ್ಲ ಅವರೇ ನೋಡುತ್ತಾರೆ. ಎಪ್ಪತ್ತರ ಹತ್ತಿರದ ಮನುಷ್ಯ, ಬಿಳಿ ಗಡ್ಡ. ಬಂದವರು ಮೊದಲು ಮೈನಾಳ ಮುಂದೆ ಕೂತು ಒಂದು ಚಹಾ ಕುಡಿದರು. ನೋಡುತ್ತಲೇ ಇದ್ದರು. ಆಮೇಲೆ ಎಕ್ಸ್-ರೇ ಚಿತ್ರ ಪಕ್ಕದಲ್ಲಿಟ್ಟುಕೊಂಡು, ಗೊರಸಿನ ಮುಂದಿನ ತುದಿಯನ್ನು ಕೆತ್ತಿ ಕೆತ್ತಿ ಹಿಂದಕ್ಕೆ ತಂದರು.

ಆಮೇಲೆ ನಾಲನ್ನು ಉಲ್ಟಾ ಇಟ್ಟು ಹೊಡೆದರು. ಬಾಯಿ ಮುಂದೆ, ಬೆನ್ನು ಹಿಂದೆ. ಮುಂದಿನ ತುದಿಗೆ ಒತ್ತು ಬೀಳಬಾರದಂತೆ.

ಅತ್ತೆಗೆ ತಡೆಯಲಾಗಲಿಲ್ಲ. "ಏ ಚಾಚಾ, ಕಣ್ಣು ಕಾಣಸ್ತಾವೊ ಇಲ್ಲೊ? ಹಿಂದಿಂದು ಮುಂದ ಮಾಡಿ ಹೊಡದೀಯಲ್ಲೊ! ಕುದ್ರಿ ಹಿಂದಕ್ಕ ನಡೀತದೇನು?"

"ಇಲ್ರೀ ಅಮ್ಮಾ. ಒಳಗಿನ ಎಲುಬು ತಿರುಗ್ಯಾದಲ್ಲ, ಅದಕ್ಕ ಸೀದಾ ಮಾಡ್ಲಿಕ್ಕಿ ಉಲ್ಟಾ ಹೊಡೀಬೇಕು," ಎಂದು ಚಾಚಾ ನಕ್ಕರು. ನನ್ನ ಕಡೆ ತಿರುಗಿ, "ಬೇಟಿ, ಘೋಡಿ ಗೊರಸು ಪೂರಾ ಹೊಸಾದು ಬರ್ಲಿಕ್ಕಿ ಒಂಬತ್ತು ತಿಂಗಳು ಬೇಕು. ಹೆಣ್ಣುಮಕ್ಕಳಿಗಿ ಹೇಳ್ಬೇಕಾ ಒಂಬತ್ತು ತಿಂಗಳು ಅಂದ್ರ ಏನು ಅಂತ? ದಮ್ ಹಿಡೀರಿ," ಎಂದರು.

ದಮ್ಮು ಹಿಡಿದೆ. ಚಾಚಾ ಐದು ವಾರಕ್ಕೊಮ್ಮೆ ಬಂದರು. ಪ್ರತಿ ಸಲವೂ ಗೊರಸಿನ ಮೇಲುತುದಿಯಿಂದ ಹೊಸದು ಎಷ್ಟು ಇಳಿದಿದೆ ಎಂದು ಬೆರಳಿಂದ ತೋರಿಸುತ್ತಿದ್ದರು. ಒಂದು ಬೆರಳು. ಎರಡು ಬೆರಳು. ವೈಶಾಖದಲ್ಲಿ ಮೈನಾ ಕೊಟ್ಟಿಗೆಯಿಂದ ಅಂಗಳಕ್ಕೆ ಬಂದಳು. ಹತ್ತು ಹೆಜ್ಜೆ, ಹಗ್ಗ ಹಿಡಿದು. ಮನೆಯವರು ಕಣ್ಣು ಮುಚ್ಚಿ ಕೂತು ಹೆಜ್ಜೆಯ ಸಪ್ಪಳ ಕೇಳುತ್ತಿದ್ದರು. "ಬಲಗಾಲು ಇನ್ನಾ ಹಗೂರ ಇಡ್ಲತ್ತಾಳ," ಎಂದರು.

ಮಿರಗ ಬಂತು. ಮಳೆ ಬಿತ್ತು. ದಾರಿ ಮುಚ್ಚಿತು.

ಅವರು ಬಿತ್ತನೆಗೆ ಹೋಗದ ಮೊದಲ ವರ್ಷ ಅದು. ಬೆಳಿಗ್ಗೆ ಎದ್ದು ಧೋತ್ರ ಉಟ್ಟು, ಪಟಗಾ ಸುತ್ತಿ, ಕಟ್ಟೆಯ ಮೇಲೆ ಕೂತರು. ಎಲ್ಲಿಗೆ ಹೋಗಲೆಂದು ತಯಾರಾದರು, ನಾನು ಕೇಳಲಿಲ್ಲ. ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಸೀರೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಮೂರು ಕಿಲೋಮೀಟರು ಕೆಸರಲ್ಲಿ ನಾನೇ ಹೋದೆ. ಟ್ರ್ಯಾಕ್ಟರನ್ನು ಮಳೆಗೂ ಮುಂಚೆಯೇ ಹೊಲದ ಪಕ್ಕದಲ್ಲಿ ನಿಲ್ಲಿಸಿದ್ದರು. ಬಿತ್ತುವಾಗ ವಿಡಿಯೋ ಕಾಲ್ ಮಾಡಿ ಫೋನನ್ನು ಸಾಲಿನ ಕಡೆ ಹಿಡಿದೆ.

"ಆಳ ಬಿತ್ತಲತ್ತಾನ!" ಫೋನು ಒಡೆಯುವ ಹಾಗೆ ಕೂಗಿದರು. "ಸೋಯಾಬೀನ್ ಅದ ಅದು, ಹೆಣಾ ಏನ್ ಹೂಳಲತ್ತೀರಿ? ಮ್ಯಾಲ ತಗೊ ಅನ್ನು ಅವಂಗ! ಎರಡು ಬೆರಳು ಅಷ್ಟೇ! ನೀ ಅಲ್ಲಿ ನಿಂತು ಏನ್ ನೋಡ್ಲತ್ತಿ?"

ಅರ್ಧ ವರ್ಷದ ನಂತರ ನನ್ನನ್ನು ಬೈದರು. ಕೆಸರಲ್ಲಿ ನಿಂತು ನಾನು ನಕ್ಕೆ. ಟ್ರ್ಯಾಕ್ಟರಿನವನು ನನ್ನ ಮುಖ ನೋಡಿದ.

ಆಷಾಢದಲ್ಲಿ ಮತ್ತೆ ಪಿಕಪ್, ಮತ್ತೆ ಉದಗೀರ, ಮತ್ತೆ ಎಕ್ಸ್-ರೇ. ಈ ಸಲ ಮೈನಾ ತಾನೇ ನಡೆದು ಗಾಡಿ ಹತ್ತಿದ್ದಳು. ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಛಂದ ಆಗ್ಯಾದ ಅಕ್ಕಾ. ನಾ ಇಷ್ಟು ಅಂದ್ಕೊಂಡಿದ್ದಿಲ್ಲ."

ಮನೆಯವರು ಕೇಳಿದರು. ಆ ಒಂದು ಮಾತು ಕೇಳಲು ಎಷ್ಟು ದಿನದಿಂದ ಕಾಯುತ್ತಿದ್ದರೋ. "ಮೇಡಂ, ನಾ ಯಾವಾಗ ಹತ್ತಬೇಕ್ರಿ?"

"ನೀವು ಎಷ್ಟು ತೂಕ ಅದೀರಿ?"

"ಎಪ್ಪತ್ತೆಂಟ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮಗ ಸುಳ್ಳು ಹೇಳಂಗಿಲ್ಲ ಅಣ್ಣಾರ. ಈ ವರ್ಷ ಬ್ಯಾಡ. ಮುಂದಿನ ವರ್ಷದ ಮಾತು ನಾ ಕೊಡಂಗಿಲ್ಲ. ಹಗೂರ ಇರೋರು ಯಾರಾದ್ರೂ ಹತ್ತಲಿ, ಮೆತ್ತನ್ನ ನೆಲದ ಮ್ಯಾಲ, ಬರೀ ನಡಿಗಿ. ಅಷ್ಟು ತಡೀತಾಳ. ಸುಮ್ಮ ನಿಲ್ಲಿಸಿದ್ರ ಆಕೀಗೂ ಛಲೊ ಅಲ್ಲ."

ಮನೆಯವರು ತಲೆಯಾಡಿಸಿದರು. ಎರಡು ಸಲ. ಆಮೇಲೆ ಕೋಲು ಊರಿ ಎದ್ದು ಹೊರಗೆ ಹೋಗಿ ಮೈನಾಳ ಕುತ್ತಿಗೆ ಹಿಡಿದು ನಿಂತರು. ನಾನು ಹತ್ತಿರ ಹೋಗಲಿಲ್ಲ.

ಗಾಡಿ ದೇವಣಿ ದಾಟುವಾಗ ಕಿಂಡಿಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ನೀ ಎಷ್ಟು ಕೆಜಿ ಅದಿ?"

"ಏನ್ರಿ?"

"ತೂಕಾ, ತೂಕಾ. ಎಷ್ಟು ಅದಿ?"

"ನನಗೇನ್ ಗೊತ್ತು? ಯಾರ್ ತೂಗ್ಯಾರ ನನಗ?"

ನಿಲಂಗಾದಲ್ಲಿ ಒಂದು ಅಡತಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಕಾಳು ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದರು. ನಾಚಿಕೆಯಿಂದ ಸತ್ತೆ. ನಲವತ್ತೇಳು. ಅಂಗಡಿಯವರು, "ಅರ್ಧ ಕ್ವಿಂಟಲೂ ಇಲ್ರಿ ಸಾವಕಾರ್ರ," ಎಂದರು. ಮನೆಯವರಿಗೆ ನಗು ಬಂತು. ಮೀಸೆಯೊಳಗೆ ಮುಚ್ಚಿಕೊಂಡರು, ಆದರೂ ನಾನು ನೋಡಿದೆ.

ನಾನು ಹತ್ತುವುದಿಲ್ಲ ಎಂದೆ. ನಲವತ್ತೊಂಬತ್ತು ವರ್ಷದ ಸೊಸೆ ಕುದುರೆ ಏರಿದರೆ ಊರು ಏನು ಅಂದೀತು ಎಂದೆ. ಅತ್ತೆಯನ್ನಾದರೂ ನನ್ನ ಕಡೆಗೆ ಎಳೆದುಕೊಳ್ಳಬಹುದೆಂದು ಅವರ ಮುಂದೆಯೇ ಹೇಳಿದೆ. ಅತ್ತೆ ಎಲೆಯಡಿಕೆ ಜಗಿಯುತ್ತ, "ಕೆಸರಾಗ ಸೀರಿ ಎತ್ತಿ ಹೋಗಾಕಿ, ಮ್ಯಾಲ ಕುಂತ್ರ ಏನಾತು? ಹತ್ತು," ಎಂದರು.

ಮೊದಲು ಹಿತ್ತಲಲ್ಲಿ ಐದು ನಿಮಿಷ. ಆಮೇಲೆ ಹತ್ತು. ಮೈನಾಳ ಜೂಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದೆ. ಆರು ತಿಂಗಳು ಅವಳು ನನ್ನ ತೊಡೆಯ ಮೇಲೆ ಭಾರ ಹಾಕಿದ್ದಳು, ಈಗ ನಾನು ಅವಳ ಮೇಲೆ. ಮನೆಯವರು ನಡುವೆ ನಿಂತು ಸಪ್ಪಳ ಕೇಳುತ್ತಿದ್ದರು. "ಸಮಾ ಬೀಳಲತ್ತಾವ," ಎಂದರು. "ನಾಲ್ಕೂ ಸಮಾ ಬೀಳಲತ್ತಾವ." ಮತ್ತೆ ಸ್ವಲ್ಪ ಹೊತ್ತಿಗೆ, "ಅಂಜಬ್ಯಾಡ. ಆಕಿ ನಿನಗ ಕೆಡವಂಗಿಲ್ಲ," ಎಂದರು.

ಮೂರು ವಾರ ಹೀಗೆ ನಡೆಯಿತು.

ಹೋದ ಸೋಮವಾರ ಬೆಳಿಗ್ಗೆ ನಾನು ಹೊರಗೆ ಬಂದಾಗ ಅವರು ಕಟ್ಟೆಯ ಮೇಲೆ ಜೀನನ್ನು ತೊಡೆಗೆ ಇಟ್ಟುಕೊಂಡು ಕೂತಿದ್ದರು. ಕೈಯಲ್ಲಿ ದಬ್ಬಣ. ಆ ಜೀನು ಅವರ ಅಳತೆಗೆಂದೇ ಮಾಡಿಸಿದ್ದು. ಕಾಲಿಡುವ ರಿಕಾಪಿನ ಪಟ್ಟಿ ಬಲಗಡೆ ಉದ್ದ, ಎಡಗಡೆ ಗಿಡ್ಡ, ಗಿಡ್ಡದ್ದನ್ನು ಮಡಚಿ ಹೊಲಿದಿದ್ದರು. ಇಷ್ಟು ದಿನ ನಾನು ಅದರಲ್ಲಿ ಎಡಗಾಲು ಮುದುರಿಕೊಂಡೇ ಕೂರುತ್ತಿದ್ದೆ. ಅವರು ಆ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.

"ಬ್ಯಾಡ್ರಿ," ಎಂದೆ. "ಮುಂದ ನಿಮಗ ಬೇಕಾಗ್ತದ. ನಾ ಹಂಗೇ ಕೂಡ್ತೀನಿ."

ಅವರು ತಲೆ ಎತ್ತಲಿಲ್ಲ. "ಬೇಕಾದ್ರ ಮತ್ತ ಹೊಲೀತೀನಿ. ನೀ ಹೊಲಕ್ಕ ಹೋಗಿ ಬಾ. ಖಡಿ ರಸ್ತಾದ ಮ್ಯಾಲ ಹೋಗಬ್ಯಾಡ, ಒಡ್ಡಿನ ಮ್ಯಾಲಿಂದ ಹೋಗು. ಸೋಯಾಬೀನ್ ಎಷ್ಟಾಗ್ಯಾದ ನೋಡ್ಕೊಂಡು ಬಂದು ನನಗ ಹೇಳು."

ಪಟ್ಟಿ ಜಗ್ಗಿ ನೋಡಿದರು. ಎರಡೂ ಸಮ ಆಗಿದ್ದವು. ಕೋಲು ಬದಿಗಿಟ್ಟು ತಾವೇ ಜೀನು ಬಿಗಿದರು.

ನಾನು ಹೋಗಿ ಬಂದೆ. ಹೋಗುವುದಕ್ಕೆ ಒಂದು ತಾಸು, ಬರುವುದಕ್ಕೆ ಒಂದು ತಾಸು. ಸೋಯಾಬೀನ್ ಮೊಣಕಾಲಿಗೆ ಬಂದಿದೆ, ಮೂಡಣ ಬದುವಿನ ಹತ್ತಿರ ಎಲೆಗೆ ಹುಳು ಬಿದ್ದಿದೆ, ಉಳಿದದ್ದು ಚೆನ್ನಾಗಿದೆ. ಎಲ್ಲವನ್ನೂ ಅವರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಹೇಳಿದೆ. ಅವರು ಒಂದೊಂದನ್ನೂ ಎರಡೆರಡು ಸಲ ಕೇಳಿದರು.